ಹದ್ದಿನ ಕಾಲು

ಲಾರಿಯ ಹಿಂಗಾಲಿಯ ಅಚ್ಚಿಗೂ ಮೇಲಿನ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ನನ್ನ ಏಳು ಬೆರಳು ಹಿಡಿಸುತ್ತವೆ. ಹತ್ತಿ ಹೇರಿದ ಮೇಲೆ ಮೂರು. ಇದು ನನಗೆ ಹೇಗೆ ಗೊತ್ತಾಯಿತೆಂದು ನೀವು ಕೇಳದಿದ್ದರೆ ಉಪಕಾರ. ಹೈದರಾಬಾದಿನಲ್ಲಿ ಭೌತಶಾಸ್ತ್ರ ಓದಿ ಕುಷ್ಟಗಿಗೆ ಮರಳಿದ ಹೆಣ್ಣುಮಗಳು ಸೆರಗು ಬಿಗಿದು ಲಾರಿಯ ಕೆಳಗೆ ಬಗ್ಗಿದ್ದನ್ನು ಕಂಡವರು ಆಗಲೇ ಊರಿಗೆಲ್ಲ ಹೇಳಿದ್ದಾರೆ.

ಕಾರಣ ಪಕ್ಕದ ಮನೆಯ ಹುಸೇನಬಿ. ಅವಳ ಗಂಡ ಮಾಬುಸಾಬ ಹತ್ತಿಯನ್ನು ಒತ್ತಿ ಕಟ್ಟಿದ ಅಂಡಿಗೆಗಳನ್ನು ಕೊಪ್ಪಳದ ರೈಲು ನಿಲ್ದಾಣಕ್ಕೆ ಒಯ್ಯುವ ಲಾರಿಯ ಡ್ರೈವರ್. ದಾರಿಯಲ್ಲೊಂದು ಹಳ್ಳದ ಇಳಿಜಾರು. ಹಿಂದಿನ ವಾರ ಅಲ್ಲಿ ಬ್ರೇಕು ಭಾರ ತಡೆಯದೆ ಲಾರಿ ಜಾಲಿಯ ಪೊದೆಗೆ ನುಗ್ಗಿ ನಿಂತಿತ್ತು. ಮಾಬುಸಾಬ ಅದನ್ನು ನಗುತ್ತ ಹೇಳುತ್ತಿದ್ದ. ಹುಸೇನಬಿ ನಗುತ್ತಿರಲಿಲ್ಲ.

“ಅಕ್ಕಾರ, ಇಷ್ಟೆಲ್ಲಾ ಓದೀರಿ. ಆ ಇಳಿಜಾರ ನೆಟ್ಟಗ ಇಳದು ಮನಿಗೆ ಬರೋ ವಿದ್ಯಾ ಏನರ ಐತೇನ್ರಿ?”

ಯಾವ ಪರೀಕ್ಷೆಯಲ್ಲೂ ನನಗೆ ಇಷ್ಟು ಕಠಿಣ ಪ್ರಶ್ನೆ ಬಂದಿರಲಿಲ್ಲ.

ಎಷ್ಟು ಹೇರಬೇಕೆಂಬ ನಿಯಮವೇನೋ ಇತ್ತು. ಹೈದರಾಬಾದ್ ಸರ್ಕಾರದ ಉರ್ದು ಅಕ್ಷರದಲ್ಲಿ, ಮಾಬುಸಾಬನ ಜೇಬಿನ ಕಾಗದದಲ್ಲಿ. ನಿಯಮ ಜೇಬಿನಲ್ಲಿ, ಭಾರ ಲಾರಿಯಲ್ಲಿ. ಒಂದಕ್ಕೊಂದು ಪರಿಚಯವೇ ಇಲ್ಲ. ಲಾರಿಯ ಯಜಮಾನ ಗುರಪ್ಪನವರಿಗೆ ಕಣ್ಣಳತೆಯಲ್ಲಿ ನಂಬಿಕೆ. ಆ ಕಣ್ಣು ಯಾವಾಗಲೂ ಎರಡು ಅಂಡಿಗೆ ಕಡಿಮೆಯೇ ಕಾಣುತ್ತಿತ್ತು.

ಅಚ್ಚಿನ ಮೇಲಿನ ಸ್ಪ್ರಿಂಗು ಮಾತ್ರ ಸುಳ್ಳು ಹೇಳುವುದಿಲ್ಲ. ಹೇರಿದಷ್ಟೂ ಕುಗ್ಗುತ್ತದೆ. ಹಾಗಾಗಿ ಅಚ್ಚಿಗೊಂದು ಕಬ್ಬಿಣದ ಮುಳ್ಳು, ಲಾರಿಯ ಮೈಗೊಂದು ತಗಡು ಕಟ್ಟಿಸಿದೆ. ಭಾರಕ್ಕೆ ಮೈ ಇಳಿದರೆ ಮುಳ್ಳು ತಗಡಿನ ಮೇಲೆ ಏರಿದಂತೆ ಕಾಣುತ್ತದೆ. ತಕ್ಕಡಿಯಲ್ಲಿ ತೂಗಿದ ಅಂಡಿಗೆಗಳನ್ನು ನಿಯಮದಷ್ಟೇ ಹೇರಿಸಿ, ಮುಳ್ಳು ನಿಂತ ಕಡೆ ಗುರುತು ಹಾಕಿ, ಬಣ್ಣದ ಈರಣ್ಣನಿಗೆ ಚೀಟಿ ಕಳಿಸಿದೆ. “ಗುರುತಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಹದ್ದು ಎಂದು ಬರೆಯಿರಿ” ಎಂಬುದು ನನ್ನ ಮನಸ್ಸಿನಲ್ಲಿತ್ತು. ಚೀಟಿಯಲ್ಲಿ ‘ಎಂದು’ ಬಿಟ್ಟುಹೋಗಿತ್ತು.

ಈರಣ್ಣ ಹದ್ದು ಬರೆದಿದ್ದ. ರೆಕ್ಕೆ, ಕೊಕ್ಕು, ಕೆಂಡದಂಥ ಕಣ್ಣು. ಗೆರೆಯ ಮೇಲೆ ಎರಡೂ ಕಾಲೂರಿ ಕೂತಿತ್ತು.

“ಈರಣ್ಣ, ನಾ ಹೇಳಿದ್ದು ಮಿತಿ ಅನ್ನೋ ಹದ್ದು. ಹದ್ದು ಮೀರಬಾರದು ಅಂತೀವಲ್ಲ, ಅದು.”

“ಅದನ್ನ ಹೆಂಗ್ ಬರೀಬೇಕ್ರೀ ಅಕ್ಕಾರ? ಅದರ ಮಾರಿ ಯಾರ್ ನೋಡ್ಯಾರ?”

ನಿಘಂಟಿನಲ್ಲಿ ಈ ಎರಡು ಹದ್ದುಗಳು ಒಂದರ ಕೆಳಗೊಂದು ಜಗಳವಿಲ್ಲದೆ ಇರುತ್ತವೆ. ನನಗೆ ಮಾತ್ರ ಸಿಟ್ಟು ಬಂತು. ಅಳತೆಯೆಲ್ಲ ಕರಾರುವಾಕ್ಕಾಗಿತ್ತು, ಹೋಗಿದ್ದು ಒಂದು ಪದ.

ಆ ದಿನ ಹತ್ತಿ ಹೇರುವಾಗ ದೂರ ನಿಂತು ನೋಡಿದೆ. ಮುಳ್ಳು ಏರುತ್ತ ಏರುತ್ತ ಗೆರೆ ಮುಟ್ಟಿತು. ಹಮಾಲರಲ್ಲಿ ಒಬ್ಬನಿಗೂ ಅಕ್ಷರ ಬರುವುದಿಲ್ಲ, ಆದರೂ ಒಬ್ಬ ಕೂಗಿದ: “ಹದ್ದಿನ ಕಾಲಿಗೆ ಬಂತು, ನಿಲ್ಲಸ್ರಲೇ!”

“ಇನ್ನೆರಡು ಹಾಕ್ರಿ, ಏನೂ ಆಗಂಗಿಲ್ಲ” ಎಂದರು ಗುರಪ್ಪನವರು.

“ಹದ್ದಿಗೆ ಮುಳ್ಳು ಚುಚ್ಚತೈತ್ರಿ ಯಜಮಾನ್ರ. ನೀವಽ ಹಾಕ್ರಿ, ನಾವಂತೂ ಹಾಕಂಗಿಲ್ಲ.”

ಎಲ್ಲರೂ ನಕ್ಕರು. ಅಷ್ಟು ಜನರೆದುರು ಅಂಡಿಗೆ ಹೊರುವುದು ಯಜಮಾನರ ಘನತೆಗೆ ಸರಿಬರಲಿಲ್ಲ. ಎರಡು ಅಂಡಿಗೆ ನೆಲದಲ್ಲೇ ಉಳಿದವು.

ಸಂಜೆ ಲಾರಿಯ ಹಾರನ್ ಕೇಳಿದ್ದೇ ಹುಸೇನಬಿ ಹಿಟ್ಟಿನ ಕೈಯಲ್ಲೇ ಓಡಿದಳು. ಮಾಬುಸಾಬ ಇಳಿದು ನನ್ನತ್ತ ನೋಡಿ, “ಬ್ರೇಕ್ ಹಿಡೀತ್ರಿ ಅಕ್ಕಾರ, ಕುದರಿ ಲಗಾಮ್ ಹಿಡದಂಗ” ಎಂದ. ಕೊಪ್ಪಳದಲ್ಲಿ ಮೋಟಾರು ತಪಾಸಣೆಯ ಸಾಹೇಬರು ತಗಡನ್ನು ನೋಡಿ, ಉಳಿದ ಲಾರಿಗಳಿಗೂ ಕಟ್ಟಿಸಬಹುದೇನೋ, ನಕ್ಷೆ ಕಳಿಸಿರಿ ಎಂದಿದ್ದರಂತೆ.

ನಕ್ಷೆ ನನ್ನ ಬಳಿ ಮೊದಲೇ ಸಿದ್ಧವಿತ್ತು: ಶುದ್ಧ ಗೆರೆಗಳು, ಅಂಗುಲದ ಲೆಕ್ಕ, ಪಕ್ಷಿ ಇಲ್ಲ.

ಮರುದಿನ ಬೆಳಿಗ್ಗೆ ಅದನ್ನು ಮಡಚಿಟ್ಟು, ಹೊಸ ಹಾಳೆ ಹಿಡಿದು ಹಿತ್ತಲಿಗೆ ಹೋದೆ. ಬೇವಿನ ಒಣಕೊಂಬೆಯ ಮೇಲೆ ಹದ್ದೊಂದು ಬಂದು ಕೂರುವವರೆಗೆ ಕಾದು, ಅದರ ಕಾಲು ಬರೆಯುವುದನ್ನು ಕಲಿತೆ.