ಪೀಪಾಯಿಯೊಳಗೆ ಮಾತು ನಿಲ್ಲಬಾರದು

ಇನ್ನೂ ಬೆಳಕು ಹರಿದಿಲ್ಲ. ಮೊರ್ಗಾಂದೊ ಮನೆಯವರ ವೈನಿನ ನೆಲಮಾಳಿಗೆಯಲ್ಲಿ ಒಂದೀನಾ ವಿಯಾರೆಂಗೊ ಎಂಬವರು ಸ್ವೆಟರ್ ಬಿಚ್ಚಿ, ಕೂದಲಿಗೆ ಬಟ್ಟೆ ಬಿಗಿದು, ಕಿವಿಯೋಲೆಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಎದುರಿಗೆ ಆಳೆತ್ತರವನ್ನೂ ಮೀರಿದ ಓಕ್ ಮರದ ಪೀಪಾಯಿ. ಅದರ ಬುಡದಲ್ಲೊಂದು ಕಿಂಡಿ, ಮಡಿಸಿದ ದಿನಪತ್ರಿಕೆಗಿಂತ ತುಸು ದೊಡ್ಡದು. ಒಂದೀನಾ ಮೊದಲು ಎರಡು ಕೈ ತೂರಿಸಬೇಕು, ಆಮೇಲೆ ತಲೆ, ಆಮೇಲೆ ಒಂದೊಂದೇ ಹೆಗಲು. ಆದರೆ ಇವತ್ತು ಅವರು ಕಿಂಡಿಯ ಮುಂದೆ ಮೊಣಕಾಲೂರಿ ಹಾಗೇ ಕೂತಿದ್ದಾರೆ.

"ಹೋಗ್ತೀಯೋ, ಇಲ್ಲಾ ಜಪ ಮಾಡ್ತೀಯೋ?" ಎಂದು ಹಿಂದಿನಿಂದ ಗುಸ್ತಿನ್ ಕೇಳುತ್ತಾರೆ. ಅವರು ಒಂದೀನಾರ ಗಂಡನ ಅಣ್ಣ. ಎಪ್ಪತ್ತು ದಾಟಿದ, ಬಾಗಿಲಗಲದ ಆಳು.

"ಸುಮ್ನಿರಿ ಭಾವ. ನಿಮ್ಮ ಹೊಟ್ಟೆ ಹೊತ್ತು ಇದರೊಳಗೆ ಹೋಗೋದಾಗಿದ್ರೆ ನೀವು ಪಾದ್ರಿಯನ್ನೇ ಕರೆಸ್ತಿದ್ರಿ."

ಇಬ್ಬರೂ ನಗುವುದಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಒಂದೀನಾ ಸಾವಿನ ಬಾಗಿಲು ತಟ್ಟಿ ಬಂದದ್ದು ಇದೇ ಪೀಪಾಯಿಯಲ್ಲಿ. ಆಮೇಲೆ ಅವರು ಇದರೊಳಗೆ ಕಾಲಿಡಲು ಹೊರಟಿರುವುದು ಇವತ್ತೇ ಮೊದಲು.

ಮೊರ್ಗಾಂದೊ ಮನೆಯ ಕೆಂಪು ವೈನಿಗೆ ದೊಡ್ಡ ಹೆಸರು. ಅವರು ಎಂದೂ ಒಂದು ಗುಡ್ಡದ ದ್ರಾಕ್ಷಿಯನ್ನು ಇನ್ನೊಂದರ ಜೊತೆ ಬೆರೆಸಿದವರಲ್ಲ. ಗೀರೊ ಗುಡ್ಡದ ನೆಬ್ಬಿಯೋಲೊ ಜಾತಿಯ ದ್ರಾಕ್ಷಿಗೆ ಅದರದೇ ತೊಟ್ಟಿ, ಅದರದೇ ಈ ಪೀಪಾಯಿ, ಸೀಸೆಯ ಮೇಲೆ ಅದರದೇ ಹೆಸರು. ವೈನು ವರ್ಷಗಟ್ಟಲೆ ಕತ್ತಲಲ್ಲಿ ಕೂತು ಹದವಾಗುವಾಗ ಪೀಪಾಯಿಯ ಒಳಗೋಡೆಗೆ ಕಲ್ಲುಸಕ್ಕರೆಯಂಥ ಕೆಂಪು ಹರಳು ಕಟ್ಟುತ್ತದೆ. ಅದನ್ನು ತಿಕ್ಕಿ ತೆಗೆಯದಿದ್ದರೆ ಸಂದಿಯಲ್ಲಿ ಕೊಳೆ ಕೂತು, ಮುಂದಿನ ವೈನು ಹುಳಿ ನಾರುತ್ತದೆ. ತಿಕ್ಕುವವರು ಒಳಗೇ ಹೋಗಬೇಕು.

ಒಂದೀನಾರಿಗೆ ಈಗ ಐವತ್ತೇಳು. ಮದುವೆಯಾಗಿ ಬಂದ ಹೊಸತರಲ್ಲಿ ಹತ್ತಿರದ ಆಲ್ಬಾ ಪಟ್ಟಣದ ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತಿದ್ದರು. ಕಾರ್ಖಾನೆ ಮುಚ್ಚಿತು. ಗುಸ್ತಿನ್ ಆಗಲೇ ಈ ನೆಲಮಾಳಿಗೆಯ ಹಳೆಯ ಆಳು. "ನಮ್ಮ ತಮ್ಮನ ಹೆಂಡ್ತಿ ಇದ್ದಾಳೆ, ಗುಬ್ಬಚ್ಚಿ ಹಾಗಿದ್ದಾಳೆ, ಎಲ್ಲಿ ಬೇಕಾದ್ರೂ ತೂರ್ತಾಳೆ" ಎಂದು ಅವರೇ ಕರೆತಂದರು. ಅಂದಿನಿಂದ ವರ್ಷಕ್ಕೆ ಮೂವತ್ತು ನಲವತ್ತು ಪೀಪಾಯಿ. ಒಂದಕ್ಕೆ ಒಂದು ಇಡೀ ಬೆಳಗ್ಗೆ ಹಿಡಿಯುತ್ತದೆ. "ಮೊಣಕೈ ತೋರಿಸ್ತೀನಿ ನೋಡಿ, ಮುದಿ ಕತ್ತೆಯ ಮಂಡಿ ಇದ್ದ ಹಾಗಿದೆ" ಎಂದು, ಈ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ತೋಳು ಮಡಿಸಿ ತೋರಿಸುತ್ತಾರೆ.

ಈ ಕೆಲಸಕ್ಕೆ ಹಳಬರು ಮಾಡಿಟ್ಟ ಒಂದೇ ಕಟ್ಟಳೆ: ಹೊರಗೊಬ್ಬರು ಕಿಂಡಿಯ ಬಳಿ ಕೂರಬೇಕು, ಒಳಗಿದ್ದವರು ಬಾಯಿ ಮುಚ್ಚಬಾರದು. ಮಾತು ನಿಂತರೆ ಏನೋ ಆಗಿದೆ ಎಂದರ್ಥ. ಹೊರಗೆ ಕೂರುವವರು ಗುಸ್ತಿನ್.

ತಮಾಷೆಯೆಂದರೆ, ಪೀಪಾಯಿ ಕೆಲಸದ ಹೊತ್ತು ಬಿಟ್ಟರೆ ಇವರಿಬ್ಬರಿಗೂ ಬಹಳ ವರ್ಷ ಮಾತೇ ಇರಲಿಲ್ಲ. ಗುಸ್ತಿನ್‌ಗೆ ದಿಯಾನಾ ಎಂಬ ನಾಯಿಯಿತ್ತು. ಕಾಡಿನಲ್ಲಿ ಮಣ್ಣಿನಡಿಯ ದುಬಾರಿ ಅಣಬೆಯನ್ನು ವಾಸನೆ ಹಿಡಿದು ತೋರಿಸುವುದರಲ್ಲಿ ಅದನ್ನು ಮೀರಿಸುವ ನಾಯಿ ಇರಲಿಲ್ಲ. ಒಂದು ಭಾನುವಾರ ಒಂದೀನಾ ಅದನ್ನು ಕೇಳಿ ಪಡೆದು ಕಾಡಿಗೆ ಕರೆದೊಯ್ದರು. ಯಾರೋ ಹೊಟ್ಟೆಕಿಚ್ಚಿನವರು ಇಟ್ಟಿದ್ದ ವಿಷದ ಮಾಂಸ ತಿಂದು ನಾಯಿ ಸತ್ತಿತು. ಆ ದಿನದಿಂದ ಗುಸ್ತಿನ್ ತಮ್ಮನ ಮನೆಯ ಹೊಸ್ತಿಲು ತುಳಿಯಲಿಲ್ಲ. ಚರ್ಚಿನಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರು. ಬೆಳಗಾದರೆ ಮಾತ್ರ ಕಿಂಡಿಯ ಪಕ್ಕ ಬಂದು ಕೂರುತ್ತಿದ್ದರು. ಒಳಗಿನಿಂದ ಒಂದೀನಾ ಅಡುಗೆ, ಹವಾಮಾನ, ಪಕ್ಕದೂರಿನವರ ಜಗಳ, ಎಲ್ಲ ಹೇಳುತ್ತಿದ್ದರು. ಹೊರಗಿನಿಂದ ಗುಸ್ತಿನ್ ಹೂಂ ಅನ್ನುತ್ತಿದ್ದರು. ನಾಯಿಯ ಮಾತು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಕಳೆದ ಸೆಪ್ಟೆಂಬರಿನ ಆ ದಿನ ಪಕ್ಕದ ಕೋಣೆಯ ತೊಟ್ಟಿಗಳಲ್ಲಿ ಹೊಸ ದ್ರಾಕ್ಷಿ ಹುದುಗು ಬಂದು ಉಕ್ಕುತ್ತಿತ್ತು. ಉಕ್ಕುವ ರಸದಿಂದ ಏಳುವ ಗಾಳಿ ಭಾರ. ಅದಕ್ಕೆ ಬಣ್ಣವಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿಯುತ್ತದೆ, ಸಿಕ್ಕವರ ಉಸಿರು ಕಟ್ಟಿಸುತ್ತದೆ. ಅದನ್ನು ಹೊರಗೆ ಎಳೆಯುವ ಫ್ಯಾನು ಕರೆಂಟು ಕೈಕೊಟ್ಟು ನಿಂತಿತ್ತು, ಯಾರ ಗಮನಕ್ಕೂ ಬಂದಿರಲಿಲ್ಲ. ಭಾರದ ಗಾಳಿ ಮೆಲ್ಲಗೆ ಹರಿದುಬಂದು ಕಿಂಡಿಯ ಮೂಲಕ ಪೀಪಾಯಿಗೆ ಇಳಿಯಿತು.

"ಬೆಳ್ಳುಳ್ಳಿಯನ್ನ ಹಾಲಲ್ಲಿ ಬೇಯಿಸಬೇಕೋ ಬೇಡವೋ ಅಂತ ಹೇಳ್ತಿದ್ದೆ" ಎಂದು ಒಂದೀನಾ ನೆನೆಯುತ್ತಾರೆ. "ನಿದ್ದೆ ಬಂದ ಹಾಗಾಯ್ತು. ಹೆದರಿಕೆ ಏನೂ ಆಗ್ಲಿಲ್ಲ, ಅದೇ ಕೆಟ್ಟದ್ದು. ಕಿಂಡಿ ಕಡೆ ತೆವಳಿದ್ದು ನೆನಪಿದೆ. ಆಮೇಲೆ ಭಾವನ ದನಿ."

ಬೆಳ್ಳುಳ್ಳಿಯ ಮಾತು ಅರ್ಧಕ್ಕೆ ನಿಂತದ್ದೇ ಗುಸ್ತಿನ್ ಎದ್ದರು. ಜನರನ್ನು ಕೂಗಿ, ಉಸಿರು ಬಿಗಿಹಿಡಿದು, ನೆಲಕ್ಕೆ ಬಿದ್ದು, ತೋಳನ್ನು ಹೆಗಲವರೆಗೆ ಕಿಂಡಿಯೊಳಗೆ ತುರುಕಿದರು. ಕಾಲರು ಸಿಕ್ಕಿತು, ಹರಿಯಿತು. ತಲೆಯೆತ್ತಿ ಉಸಿರೆಳೆದುಕೊಂಡು ಮತ್ತೆ ತುರುಕಿದರು. ಮಣಿಕಟ್ಟು ಸಿಕ್ಕಿತು. ಎಳೆಯುವಾಗ ಅವರದೇ ಹೆಗಲಿನ ಕೀಲು ತಪ್ಪಿತು, ಕೈ ಮಾತ್ರ ಬಿಡಲಿಲ್ಲ. ಓಡಿಬಂದವರು ಒಂದೀನಾರನ್ನು ಕಿಂಡಿಯಿಂದ ಹೊರಗೆಳೆದು, ನೆಲಮಾಳಿಗೆಯ ಹೆಬ್ಬಾಗಿಲು ತೆರೆದು ಇಬ್ಬರನ್ನೂ ಅಂಗಳಕ್ಕೆ ಹೊತ್ತು ತಂದರು.

"ಇವರೇನು ಕೂಗ್ತಿದ್ರು ಗೊತ್ತಾ?" ಒಂದೀನಾ ಓರೆಗಣ್ಣಲ್ಲಿ ಭಾವನನ್ನು ನೋಡುತ್ತಾರೆ. "'ದೀನಾ, ನಾಯಿ ವಿಷಯ ಬಿಟ್ಟೆ ಕಣೇ, ಹೊರಗೆ ಬಾ!' ಅಂತ."

"ಗಾಬರೀಲಿ ಏನೋ ಅಂದಿರ್ತೀನಿ" ಎಂದು ಗುಸ್ತಿನ್ ಗೊಣಗುತ್ತಾರೆ. "ಅಂದ ಮೇಲೆ ಹಿಂದಕ್ಕೆ ತಗೊಳ್ಳೋಕಾಗುತ್ತಾ?"

ಆಸ್ಪತ್ರೆಯಲ್ಲಿ ಒಬ್ಬರ ಮೂಗಿಗೆ ಕೊಳವೆ, ಇನ್ನೊಬ್ಬರ ಹೆಗಲಿಗೆ ಪಟ್ಟಿ. ಅಲ್ಲಿ ಇಬ್ಬರೂ ಬಹಳ ಕಾಲದ ಮೇಲೆ ಎದುರುಬದುರು ಕೂತು ದಿಯಾನಾಳಿಗಾಗಿ ಅತ್ತರಂತೆ. ಹಾಗೆಂದು ಹೇಳಿದವರು ಒಂದೀನಾ, ಗುಸ್ತಿನ್ ಒಪ್ಪುವುದಿಲ್ಲ.

ಶ್ವಾಸಕೋಶಕ್ಕೇನೂ ಆಗಿಲ್ಲ ಎಂದು ವೈದ್ಯರು ಹೇಳಿದರು. ಆದರೂ ಒಂದೀನಾ ಯಾವ ಕಿಂಡಿಯ ಹತ್ತಿರವೂ ಸುಳಿಯಲಿಲ್ಲ. ಯಜಮಾನತಿ ಕ್ಲೇಲಿಯಾ ಮೊರ್ಗಾಂದೊ ಒಂದೀನಾರನ್ನು ಸೀಸೆಗೆ ಚೀಟಿ ಅಂಟಿಸುವಲ್ಲಿಗೆ ಕಳಿಸಿದರು. ಗೀರೊ ಪೀಪಾಯಿಯನ್ನು ಮಾರಿಬಿಡುವುದಾಗಿಯೂ ಹೇಳಿದರು: "ವೈನಿಗೋಸ್ಕರ ಯಾರ ಹೆಣಾನೂ ನೋಡೋಕೆ ನನ್ನಿಂದಾಗಲ್ಲ." ಕೊಳ್ಳಲು ಬಂದವನು ಅದನ್ನು ಕೊಯ್ದು ತೋಟದ ಬೆಂಚು ಮಾಡುವವನಿದ್ದ. ಗೀರೊ ವೈನು ಹೊಸ ಪುಟ್ಟ ಪೀಪಾಯಿಗಳಿಗೆ ಹೋಗುವುದಿತ್ತು; ಹೊಸ ಮರದ ರುಚಿ ಗುಡ್ಡದ ರುಚಿಯನ್ನು ಮುಚ್ಚಿಬಿಡುತ್ತದೆ. ಅದನ್ನು ಕೇಳಿ ಒಂದೀನಾ ಎರಡು ರಾತ್ರಿ ಮಗ್ಗುಲು ಬದಲಿಸಿದರು. ಮೂರನೆಯ ದಿನ ಕ್ಲೇಲಿಯಾ ಬಳಿ ಹೋಗಿ ಹೇಳಿದರು: "ಒಂದ್ಸಲ ಹೋಗಿ ನೋಡ್ತೀನಿ ಸಿನ್ಯೋರಾ. ಆಗದಿದ್ರೆ ನಾನೇ ಗರಗಸ ತಂದುಕೊಡ್ತೀನಿ."

ಈಗ ಸೊಂಟಕ್ಕೆ ಹಗ್ಗವಿದೆ. ಕತ್ತಿನಲ್ಲಿ ಗಾಳಿ ಕೆಟ್ಟರೆ ಕಿರುಚುವ ಪುಟ್ಟ ಪೆಟ್ಟಿಗೆಯಿದೆ. ಗುಸ್ತಿನ್‌ಗೆ ಪೆಟ್ಟಿಗೆಯ ಮೇಲೆ ನಂಬಿಕೆಯಿಲ್ಲ. "ಅದು ಕಿರುಚಲಿ ಬಿಡಲಿ, ನೀನು ಮಾತಾಡ್ತಿರು."

ಒಂದೀನಾ ಉಸಿರೆಳೆದುಕೊಳ್ಳುತ್ತಾರೆ. ಕೈ, ತಲೆ, ಒಂದು ಹೆಗಲು, ಇನ್ನೊಂದು. ಸೊಂಟ ಓರೆ ಮಾಡುತ್ತಾರೆ. ಕಾಲುಗಳು ಒಳಗೆ ಜಾರಿ ಮರೆಯಾಗುತ್ತವೆ. ಆಮೇಲೆ ಸದ್ದಿಲ್ಲ. ಕ್ಲೇಲಿಯಾ ನನ್ನ ತೋಳು ಹಿಡಿದುಕೊಂಡಿದ್ದಾರೆ. ಗುಸ್ತಿನ್ ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುತ್ತಾರೆ.

"ದೀನಾ!"

"ಇದ್ದೀನಿ ಭಾವ" ಎಂಬ ದನಿ ಗುಂಯ್ಗುಡುತ್ತ ಬರುತ್ತದೆ. "ಅಳ್ತಾ ಇದ್ದೆ ಅಷ್ಟೆ. ಅಳೋದು ಮಾತಿನ ಲೆಕ್ಕಕ್ಕೆ ಬರುತ್ತೋ ಇಲ್ವೋ?"

"ಜೋರಾಗಿ ಅತ್ರೆ ಬರುತ್ತೆ."

ಬ್ರಷ್ಷಿನ ಸದ್ದು ಶುರುವಾಗುತ್ತದೆ, ಅದರ ಹಿಂದೆಯೇ ಮಾತು. ಕ್ಲೇಲಿಯಾ ಹೊರಗೆ ಹೋಗಿ ಬೆಂಚಿನವನಿಗೆ ಫೋನು ಮಾಡುತ್ತಾರೆ: ಮಾರಾಟಕ್ಕಿಲ್ಲ.

ಬಿಸಿಲೇರುವ ಹೊತ್ತಿಗೆ ಒಂದೀನಾ ಮೈಯೆಲ್ಲ ಕೆಂಪು ಪುಡಿಯಾಗಿ ಹೊರಬರುತ್ತಾರೆ. ಅಂಗಳದಲ್ಲಿ ರೊಟ್ಟಿ, ಹಸಿರು ಚಟ್ನಿಯಲ್ಲಿ ನೆನೆದ ಉಪ್ಪುಮೀನು. ಗುಸ್ತಿನ್ ನೆಟ್ಟಗಿರುವ ಕೈಯಿಂದ ಅವರ ತಟ್ಟೆಗೆ ಎರಡು ತುಂಡು ಹೆಚ್ಚೇ ಹಾಕುತ್ತಾರೆ. ಸೀಸೆಯ ಚೀಟಿಯ ಮೂಲೆಯಲ್ಲಿ ನಿಮ್ಮ ಹೆಸರೂ ಇದ್ದರೆ ಹೇಗೆ ಎಂದು ನಾನು ಕೇಳುತ್ತೇನೆ. ಬಾಯ್ತುಂಬ ರೊಟ್ಟಿಯಿಟ್ಟುಕೊಂಡೇ ಒಂದೀನಾ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಬೇಡಪ್ಪ. ಅದು ಗೀರೊ ಗುಡ್ಡದ ವೈನು. ಕುಡಿದವರ ಬಾಯಿಗೆ ಗುಡ್ಡ ಸಿಗಬೇಕು, ಹಳೇ ಪೀಪಾಯಿ ಸಿಗಬಾರದು, ತಿಕ್ಕಿದವಳೂ ಸಿಗಬಾರದು. ಇಷ್ಟು ವರ್ಷ ಎರಡೂ ಯಾರಿಗೂ ಸಿಕ್ಕಿಲ್ಲ."