ಅನುಮಾನ ಬಂದರೆ ನನ್ನನ್ನು ಕೇಳು

ನೋಡಿದ ಕೂಡಲೇ ಬೆಲೆ ಕಟ್ಟುವುದು ನನಗೆ ಅಂಟಿದ ಚಾಳಿ. ಈಕೆಗೆ ಕಟ್ಟಿದ್ದು ಕಡಿಮೆ. ಐದಡಿಗೆ ಎರಡಂಗುಲ ಸಾಲದು, ಮಾತು ಮಿತ, ನಗು ಅದಕ್ಕಿಂತ ಮಿತ, ಚೌಕಾಸಿಗೆ ಬಗ್ಗುವ ಲಕ್ಷಣವಂತೂ ಇಲ್ಲವೇ ಇಲ್ಲ. ಸರಕಾಗಿದ್ದರೆ ಗೋದಾಮಿನ ಹಿಂದಿನ ಸಾಲಿನಲ್ಲಿ ದೂಳು ತಿನ್ನುತ್ತಾ ಕೂರುವಂಥದ್ದು ಅಂದುಕೊಂಡೆ. ನನ್ನ ತಕ್ಕಡಿ ಕೆಟ್ಟಿದೆ ಎಂದು ಗೊತ್ತಾಗಲು ಒಂದು ವಾರ ಸಾಕಾಯಿತು.

ನಾನು ನಲ್ಲಿ, ಪೈಪು, ಪಂಪಿನ ಅಂಗಡಿಯವನು. ಆಕೆ ನನಗೆ ಮಾಲು ಕಳಿಸುವ ಸಗಟು ಕಂಪನಿಯಲ್ಲಿ ಆರ್ಡರು ತೆಗೆದುಕೊಳ್ಳುವ ಮೇಜಿನವಳು. ವಯಸ್ಸಿನಲ್ಲಿ ನನ್ನ ಮಗಳ ಸಮ. ಆದರೂ ಅಂಗಡಿಯವರಿಗೆಲ್ಲ ಆಕೆ ಆರ್ಡರಕ್ಕ. ಕೇಳಿದ ಮಾಲಲ್ಲ, ಬೇಕಾದ ಮಾಲು ಬರುತ್ತಿದ್ದದ್ದು ಆಕೆಯಿಂದ.

ಆ ಕಂಪನಿಯ ಕಂಪ್ಯೂಟರಿನೊಳಗೆ ನಾಲ್ಕು ವರ್ಷದಿಂದ ಒಬ್ಬ ಎಐ ಸಹಾಯಕ ಇದ್ದ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ, ಯಾವುದಕ್ಕೂ ಕೈ ಹಾಕುತ್ತಿರಲಿಲ್ಲ. ಕುರ್ಚಿ ಬಿಟ್ಟೇಳದೆ ಸಲಹೆ ಕೊಡುವ ಮಾವನ ಹಾಗೆ. ಅವನಿಗೆ ಅಂಗಡಿಯವರ ಭಾಷೆ ಕಲಿಸಿದ್ದು ಆಕೆ. ಯಾರು ‘ಬಿಳಿದು’ ಅಂದರೆ ಪ್ಲಾಸ್ಟಿಕ್ಕು, ಯಾರು ಅಂದರೆ ಸ್ಟೀಲು. ಯಾರು ಪೈಪಿನ ಅಳತೆಯನ್ನು ಒಳಗಿಂದ ಹೇಳುತ್ತಾರೆ, ಯಾರು ಹೊರಗಿಂದ. ಹೀಗೆ ಮುನ್ನೂರು ಸಾಲು ಬರೆದಿಟ್ಟಿದ್ದಳು. ಎಲ್ಲಕ್ಕಿಂತ ಮೇಲೆ ಒಂದು: ‘ಅನುಮಾನ ಬಂದರೆ ನನ್ನನ್ನು ಕೇಳು. ನಾನು ಹೇಳುವ ತನಕ ಏನೂ ಮಾಡಬೇಡ.’ ಏನೂ ಮಾಡಲು ಬಾರದವನಿಗೆ ಏನೂ ಮಾಡಬೇಡ ಅಂದರೆ ಯಾರ ಗಂಟೂ ಹೋಗುವುದಿಲ್ಲ.

ಆಮೇಲೆ ಹೊಸ ತಳಿ ಬಂತು. ಅದಕ್ಕೆ ಏಜೆಂಟ್ ಅನ್ನುತ್ತಾರೆ. ಸಂದೇಶ ಓದಿ, ಗೋದಾಮು ನೋಡಿ, ಬಿಲ್ಲು ಹಾಕಿ, ಲಾರಿ ಗೊತ್ತುಮಾಡಿ ಎಲ್ಲ ತಾನೇ ಮುಗಿಸುತ್ತದೆ. ಮಾವ ಹೋಗಿ, ಸೀದಾ ಅಡುಗೆಮನೆಗೆ ನುಗ್ಗಿ ಸೌಟು ಹಿಡಿಯುವ ಅತ್ತೆ ಬಂದ ಹಾಗಾಯಿತು. ಹಳೆಯದರಲ್ಲಿ ಇದ್ದದ್ದನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ ಆಕೆಯ ಪಾಲಿಗೆ ಬಿತ್ತು. ಆಕೆ ಸಂತೋಷದಿಂದಲೇ ಒಪ್ಪಿದಳು. ಗಂಡನಿಗೆ ಆರು ಗಂಟೆ ಬಸ್ಸಿನ ದೂರದ ಊರಲ್ಲಿ ಕೆಲಸ ಸಿಕ್ಕಿತ್ತು, ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಿಯಾಗಿತ್ತು. ಅದೇ ಊರಿನ ಶಾಖೆಗೆ ಆಕೆಯ ವರ್ಗಾವಣೆಗೂ ಮ್ಯಾನೇಜರು ಸಹಿ ಹಾಕಿದ್ದ, ಕೆಳಗೆ ಒಂದು ಷರತ್ತು ಬರೆದು: ಈ ಸಾಗಣೆ ಮುಗಿದ ಮೇಲೆ. ಒಂದು ತಿಂಗಳ ಮಾತಲ್ಲವೇ ಎಂದು ಆಕೆ ಮನೆ ಖಾಲಿ ಮಾಡಿ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕಾಣುವ ಒಂದು ಕೋಣೆ ಹಿಡಿದಳು.

ಒಂದಕ್ಷರವೂ ತಪ್ಪಿಹೋಗಬಾರದು ಅಂತ ಮ್ಯಾನೇಜರು ಹೇಳಿದ್ದ. ಆಕೆಯೂ ಅಷ್ಟೇ ಅಚ್ಚುಕಟ್ಟು. ಮುನ್ನೂರು ಸಾಲೂ ಇದ್ದದ್ದು ಇದ್ದ ಹಾಗೆ ಹೋದವು, ಮೇಲಿನದೂ ಸೇರಿ. ಮಾವನಿಗೆ ತಾಗದೇ ಇದ್ದ ಮಾತನ್ನು ಅತ್ತೆ ಸೆರಗಿಗೆ ಗಂಟು ಹಾಕಿಕೊಂಡಳು. ಅನುಮಾನ ಬಂದರೆ ಏಜೆಂಟ್ ಆರ್ಡರನ್ನು ಅಲ್ಲೇ ನಿಲ್ಲಿಸಿ ಆಕೆಯ ಫೋನಿಗೆ ಪ್ರಶ್ನೆ ಕಳಿಸುತ್ತಿತ್ತು. ಉತ್ತರ ಬರುವ ತನಕ ಲಾರಿ ಗೇಟು ದಾಟುವಂತಿಲ್ಲ. ಆ ಸಾಲು ತೆಗೆದು ಅರ್ಧ ದಿನ ನೋಡಿದರು. ತಣ್ಣೀರಿನ ಪೈಪು ಕೇಳಿದವರಿಗೆ ನಲವತ್ತು ಕಟ್ಟು ಬಿಸಿನೀರಿನ ಪೈಪು ಹೋಯಿತು. ಮ್ಯಾನೇಜರು ಬೆವತು, ಸಾಲನ್ನು ಮತ್ತೆ ಹಾಕಿಸಿದ. ಒಂದು ಇಡೀ ತಿಂಗಳು ದಿನಕ್ಕೆ ಐದು ಅನುಮಾನದೊಳಗೆ ಇದ್ದರೆ ಮಾತ್ರ ಸಾಗಣೆ ಮುಗಿದಂತೆ, ಆಮೇಲೆ ಆ ಜಾಗಕ್ಕೆ ಬೇರೆಯವರನ್ನು ಕೂರಿಸೋಣ ಅಂದ. ಬರುತ್ತಿದ್ದದ್ದು ದಿನಕ್ಕೆ ಇಪ್ಪತ್ತು.

ಫೋನು ಆಕೆಯ ಅಂಗೈಗೆ ಹೊಲಿದ ಹಾಗಾಯಿತು. ಊಟದ ಡಬ್ಬಿಗೆ ಒರಗಿಸಿಟ್ಟುಕೊಂಡು ಉಣ್ಣುತ್ತಿದ್ದಳು. ಸ್ನಾನಕ್ಕೆ ಹೋದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೊಳೆಗೆ ತೂಗುಹಾಕುತ್ತಿದ್ದಳಂತೆ. ಆರ್ಡರಕ್ಕ ಎಂಬ ಹೆಸರು ಹೋಗಿ ಅನುಮಾನದಕ್ಕ ಎಂದಾಯಿತು. ಏಜೆಂಟಿಗೆ ಭಾನುವಾರವೂ ಇಲ್ಲ. ಮಗಳು ಶಾಲೆಯ ವೇದಿಕೆಯಲ್ಲಿ ಪದ್ಯ ಹೇಳಿದ ದಿನ ಆಕೆ ಹೋಗಿದ್ದಳು. ಆದರೆ ಪದ್ಯದ ಹೊತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ಕೂತು ಯಾರದೋ ವಾಷರಿನ ಅಳತೆ ಬರೆಯುತ್ತಿದ್ದಳು. ‘ಅಮ್ಮಾ, ನಿನ್ನ ಅನುಮಾನ ಯಾವತ್ತು ಮುಗಿಯತ್ತೆ?’ ಎಂದು ಮಗಳು ಕೇಳಿತಂತೆ. ಕೆಲಸ ಬಿಡೋಣವೆಂದರೆ ಗಂಡನ ಒಂದು ಸಂಬಳದಲ್ಲಿ ಮನೆ ನಡೆಯುವುದಿಲ್ಲ. ಬಿಡದಿದ್ದರೆ ಆ ಕೋಣೆ, ಆ ಗೋಡೆ. ಹೀಗೆ ಏಳು ತಿಂಗಳು.

ಏಳನೇ ತಿಂಗಳಲ್ಲಿ ನಾನು ಕೆಟ್ಟ ವಾಲ್ವಿನ ಪೆಟ್ಟಿಗೆ ವಾಪಸು ಕೊಡಲು ಅಲ್ಲಿಗೆ ಹೋದೆ.

“ಏನಕ್ಕ, ಹೊಸ ಯಂತ್ರ ಬಂದ್ಮೇಲೆ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತಿರ್ತೀಯ ಅಂದ್ಕೊಂಡಿದ್ದೆ.”

“ಕೂತೇ ಇದೀನಿ ಯಜಮಾನ್ರೆ. ಏಳೋಕೆ ಬಿಡ್ತಾ ಇಲ್ಲ ಅಷ್ಟೆ.”

ಅಷ್ಟರಲ್ಲಿ ಫೋನು ಗುರ್ರೆಂದಿತು. ಬಗ್ಗಿ ನೋಡಿದರೆ ನನ್ನದೇ ಅಂಗಡಿಯ ಹೆಸರು. ದಾರಿಯಲ್ಲಿ ಬರುತ್ತಾ ನಾನು ಒಂದು ಆರ್ಡರು ಬಿಟ್ಟಿದ್ದೆ: ‘ಹೋದ ಸಲದ್ದೇ, ನೋಡ್ಕೊಂಡು ಕಳಿಸಿ.’ ಹೋದ ಸಲ ಅಂದರೆ ಯಾವ ಸಲ, ಏನು ನೋಡಿಕೊಳ್ಳಬೇಕು ಎಂದು ಏಜೆಂಟ್ ಕೇಳಿತ್ತು. ಆಕೆ ನನ್ನ ಮುಖವನ್ನೂ ನೋಡದೆ ಉತ್ತರ ಬರೆದು ಕಳಿಸಿದಳು.

“ಎದುರಿಗೇ ನಿಂತಿದೀನಲ್ಲ, ನನ್ನನ್ನೇ ಕೇಳಬಹುದಿತ್ತು.”

“ಕೇಳಿದ್ರೆ ನೀವು ಹೇಳೋದು ಒಂದು, ನಿಮಗೆ ಬೇಕಿರೋದು ಇನ್ನೊಂದು. ಬೇಕಿರೋದು ಬರ್ದಿದೀನಿ.”

ಸರಿಯಾಗಿಯೇ ಬರೆದಿದ್ದಳು. ಎಷ್ಟು ಅನುಮಾನ ನನ್ನವು ಎಂದು ಕೇಳಿದೆ. ಹೇಳಲು ಇಷ್ಟವಿಲ್ಲದೆ ಪರದೆಯನ್ನು ನನ್ನತ್ತ ತಿರುಗಿಸಿದಳು. ಇಪ್ಪತ್ತರಲ್ಲಿ ಹತ್ತು ನನ್ನ ಅಂಗಡಿಯವು. ಉಳಿದವು ನನ್ನನ್ನು ನೋಡಿ ಕಲಿತ ನನ್ನ ತಮ್ಮ, ನನ್ನ ಅಳಿಯ, ಇನ್ನಿಬ್ಬರು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. “ನೀವು ಗಿರಾಕಿ” ಎಂದು ಪರದೆಯನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡಳು.

ನನ್ನ ಆ ಒಂದು ಸಾಲು ಸೋಮಾರಿತನದ್ದಲ್ಲ. ಅರ್ಧ ಮಾತಿನಲ್ಲಿ ವ್ಯಾಪಾರಿಗೆ ಓಡಾಡಲು ಜಾಗ ಇರುತ್ತದೆ. ರೇಟು ಏರಿದ್ದರೆ ನಾನು ಹೋದ ಸಲ ಅಂದದ್ದು ಅದರ ಹಿಂದಿನ ಸಲ. ಮಾಲು ಓಡದಿದ್ದರೆ ವಾಪಸು, ನೋಡಿಕೊಂಡು ಕಳಿಸಿ ಅಂದಿದ್ದೆನಲ್ಲ. ಮುನ್ನೂರೊಂದನೇ ಸಾಲು ಬರೆದು ಇದನ್ನು ಏಜೆಂಟಿಗೆ ಕಲಿಸಲು ಆಕೆಯಿಂದಲೂ ಆಗುತ್ತಿರಲಿಲ್ಲ, ಯಾಕೆಂದರೆ ಅರ್ಥ ಪ್ರತಿ ಸಲ ಬದಲಾಗುತ್ತಿತ್ತು. ಇನ್ನು ಮೇಲೆ ಬಿಡಿಸಿ ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದೆ. ಎರಡು ದಿನ ಬರೆದೆ. ಮೂರನೇ ದಿನ ಹಿತ್ತಾಳೆಯ ರೇಟು ಅಲ್ಲಾಡಿತು, ನಾನೂ ಹಳೇ ದಾರಿ ಹಿಡಿದೆ. ಆಕೆ ಉತ್ತರ ಬರೆಯುತ್ತಾ ಹೋದಳು.

ಇನ್ನೂ ಮೂರು ತಿಂಗಳು ಕಳೆದವು. ಒಂದು ಗುರುವಾರ ನನ್ನ ಲಾರಿ ಬರಲಿಲ್ಲ. ಫೋನು ಮಾಡಿದರೆ, ನಿಮ್ಮ ಆರ್ಡರಿನಲ್ಲಿ ಅನುಮಾನ ಇದೆ, ಅಕ್ಕನಿಂದ ಉತ್ತರ ಬಂದಿಲ್ಲ ಅಂದರು. ಮ್ಯಾನೇಜರಿಗೆ ಜೋರು ಮಾಡಿದೆ. ಈಗಲೇ ಕಳಿಸದಿದ್ದರೆ ಬೇರೆ ಕಂಪನಿ ನೋಡಿಕೊಳ್ಳುತ್ತೇನೆ ಅಂದೆ. ಸಂಜೆ ನಾಲ್ಕಕ್ಕೆ ಲಾರಿ ಬಂತು.

ಯಾಕೆ ತಡವಾಯಿತೆಂದು ಲಾರಿ ಚಾಲಕ ಮಾಲು ಇಳಿಸುತ್ತಾ ಹೇಳಿದ. ಮಗಳು ಶಾಲೆಯಲ್ಲಿ ಬಿದ್ದು ಕೈ ಮುರಿದುಕೊಂಡಿದ್ದಾಳೆಂದು ಬೆಳಿಗ್ಗೆ ಸುದ್ದಿ ಬಂದು, ಆರ್ಡರಕ್ಕ ಬಸ್ಸು ಹತ್ತಿದ್ದಳಂತೆ. ದಾರಿಯಲ್ಲಿ ಒಂದು ಗಂಟೆ ಸಿಗ್ನಲ್ ಇರಲಿಲ್ಲ. ಸಿಗ್ನಲ್ ಬಂದಾಗ ಮೊದಲು ಬಂದದ್ದು ನನ್ನ ಅನುಮಾನ, ಅದರ ಹಿಂದೆ ಮ್ಯಾನೇಜರಿನ ಫೋನು: ಮುಂದೆ ಹೋದರೆ ಮತ್ತೆ ಸಿಗ್ನಲ್ ಹೋಗುತ್ತದೆ, ವಾಪಸು ಬನ್ನಿ, ಇಲ್ಲದಿದ್ದರೆ ವರ್ಗಾವಣೆಯ ಕಾಗದ ಮರೆತುಬಿಡಿ. ಆಕೆ ಅರ್ಧ ದಾರಿಯಲ್ಲಿ ಇಳಿದು, ರಸ್ತೆ ದಾಟಿ, ಎದುರಿನ ಬಸ್ಸು ಹಿಡಿದು ಬಂದು ಕುರ್ಚಿಯಲ್ಲಿ ಕೂತಳಂತೆ. “ಅಳ್ತಾ ಇರ್ಲಿಲ್ಲ ಯಜಮಾನ್ರೆ, ಬರೀ ಟೈಪ್ ಮಾಡ್ತಾ ಇದ್ರು” ಎಂದ ಚಾಲಕ.

ಅವತ್ತಿನಿಂದ ನಾನು ಆರ್ಡರನ್ನು ಬಿಡಿಸಿ ಬರೆಯುತ್ತಿದ್ದೇನೆ: ಮಾಲು, ಅಳತೆ, ಎಷ್ಟು, ಯಾವ ರೇಟಿಗೆ. ತಮ್ಮನನ್ನೂ ಅಳಿಯನನ್ನೂ ಕೂರಿಸಿ ಬರೆಸಿದೆ. ಅಳಿಯ ಮುಖ ಗಂಟಿಕ್ಕಿದ. ಅನುಮಾನಗಳು ದಿನಕ್ಕೆ ಮೂರಕ್ಕೆ ಇಳಿದವು, ತಿಂಗಳು ದಾಟಿತು, ಆಕೆಯನ್ನು ಬಿಟ್ಟರು. ಹೋಗುವ ಮುನ್ನ ಅಂಗಡಿಗೆ ಬಂದು, ನಿಮ್ಮಿಂದ ಉಪಕಾರ ಆಯ್ತು ಅಂದಳು. ಮಗಳ ಕೈಯ ಪಟ್ಟಿ ಆಗಲೇ ಬಿಚ್ಚಿದ್ದರಂತೆ. ನಾನು ತಲೆಯಾಡಿಸಿದೆ.

ಆ ಗುರುವಾರ ನನ್ನ ಗೋದಾಮಿನಲ್ಲಿ ಇನ್ನೂ ಎರಡು ವಾರಕ್ಕಾಗುವಷ್ಟು ಪೈಪು ಇತ್ತು. ಲಾರಿಯ ಅವಸರ ನನಗೆ ಇರಲಿಲ್ಲ. ಕಂಪನಿಯವರು ಸಡಿಲ ಬೀಳಬಾರದೆಂದು ಜೋರು ಮಾಡಿದ್ದೆ. ಇದನ್ನು ನಾನು ಆಕೆಗೆ ಹೇಳಿಲ್ಲ. ಹೇಳಬೇಕಾದದ್ದು ಬಾಕಿ ಇದೆ.