ರುಕ್ಮವ್ವನ ಗಂಟಲಿಗಿಳಿದ ಹೊಗೆ

ಕೋವಿಡ್ಡಿನ ಎರಡನೇ ಅಲೆ ಇಳಿದು ಎರಡು ವರ್ಷವಾಗಿತ್ತು. ನಾನಾಗ ಚಿಕ್ಕೋಡಿಯ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ಶಸ್ತ್ರಚಿಕಿತ್ಸೆಗೆ ಬಂದವರಿಗೆ ಎಚ್ಚರ ತಪ್ಪಿಸುವುದು, ಮತ್ತೆ ಎಚ್ಚರಿಸುವುದು, ನಡುವೆ ಅವರ ಉಸಿರನ್ನು ಕಾಯುವುದು ನನ್ನ ಕೆಲಸ. ತುರ್ತು ವಿಭಾಗದಲ್ಲಿ ಯಾರಿಗಾದರೂ ಉಸಿರು ಕಟ್ಟಿದರೆ ಕರೆ ನನಗೇ ಬರುತ್ತಿತ್ತು.

ಕಬ್ಬಿನ ಹಂಗಾಮು ಮುಗಿಯುತ್ತ ಬಂದಿದ್ದ ದಿನಗಳವು. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಿಸ್ಟರ್ ಲಲಿತಾ ಆಪರೇಷನ್ ಥಿಯೇಟರಿನ ಬಾಗಿಲಿಗೆ ಬಂದು, "ಮೇಡಂ, ಹೊಗಿ ಕುಡದ ಬಂದಾರಂತ ಒಬ್ಬರು. ನಡಕೋತ ಬಂದಾರ. ಆದ್ರ ಯಾಕೋ ನನಗ ದನಿ ಬರೋಬ್ಬರಿ ಅನಸವಲ್ದು" ಎಂದಳು.

ಬಂದವರು ಅಂಕಲಿ ಕಡೆಯ ರುಕ್ಮವ್ವ. ವಯಸ್ಸು ನಲವತ್ತೈದರ ಆಸುಪಾಸು. ನಾಲ್ಕು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನೆ. ಬೆಳಿಗ್ಗೆ ನೀರೊಲೆಯ ಕಿಡಿ ಹಾರಿ, ಕೊಟ್ಟಿಗೆಗೆ ಹೊದಿಸಿದ್ದ ರವದಿಗೆ, ಅಂದರೆ ಕಬ್ಬಿನ ಒಣ ಗರಿಗೆ, ಬೆಂಕಿ ಹತ್ತಿತ್ತು. ಮೂಲೆಯಲ್ಲಿ ಒಟ್ಟಿದ್ದ ಹಳೆಯ ಪಿವಿಸಿ ಪೈಪುಗಳಿಗೂ ಅದು ತಗುಲಿತು. ರುಕ್ಮವ್ವ ಒಳಗೆ ನುಗ್ಗಿ ಒಂದೊಂದೇ ಕಣ್ಣಿ ಬಿಚ್ಚಿದ್ದರು. ಮೂರು ಎಮ್ಮೆ ಹೊರಬಂದವು. ನಾಲ್ಕನೆಯದರ ಗಂಟು ಬಿಗಿದಿತ್ತು. ಅದನ್ನು ಬಿಚ್ಚುವ ಮೊದಲೇ ಮೇಲ್ಛಾವಣಿ ಕುಸಿಯತೊಡಗಿ, ಗಂಡ ಸತ್ತೆಪ್ಪ ಅವರ ರಟ್ಟೆ ಹಿಡಿದು ಎಳೆದುತಂದಿದ್ದ.

ಮೈಮೇಲೆ ಹೇಳಿಕೊಳ್ಳುವಂಥ ಸುಟ್ಟಗಾಯ ಇರಲಿಲ್ಲ. ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರ್ 98 ತೋರಿಸುತ್ತಿತ್ತು. "ನನಗೇನೂ ಆಗಿಲ್ಲರಿ ಬಾಯಾರ. ಗಂಟಲಾ ಒಂದೀಟ ಕೆರದಂಗ ಆಗೈತಿ. ಒಂದ ಗುಳಿಗಿ ಕೊಟ್ಟ ಕಳಸ್ರಿ, ಎಮ್ಮಿ ಹಿಂಡೋದೈತಿ" ಎಂದರು ರುಕ್ಮವ್ವ. ಮಾತು ಮುಗಿಸಿ ಕೆಮ್ಮಿದರು. ಕೈವಸ್ತ್ರದಲ್ಲಿ ಬಿದ್ದ ಕಫ ಕಪ್ಪಗಿತ್ತು.

ಟಾರ್ಚ್ ಹಿಡಿದು ನೋಡಿದೆ. ಮೂಗಿನ ಕೂದಲು ಸುಟ್ಟು ಮುರುಟಿದ್ದವು. ನಾಲಗೆಯ ಹಿಂಭಾಗದಲ್ಲಿ ಮಸಿ. ಕಿರುನಾಲಗೆ ನೀರು ತುಂಬಿದ ದ್ರಾಕ್ಷಿಯಂತೆ ಊದಿತ್ತು.

ಇಲ್ಲಿ ಓದುಗರಿಗೆ ಒಂದಿಷ್ಟು ವಿವರಿಸಬೇಕು. ಬಿಸಿ ಹೊಗೆ ಒಳಗೆ ಹೋದಾಗ ಅದರ ಶಾಖವನ್ನೆಲ್ಲ ಗಂಟಲು ಹೀರಿಕೊಳ್ಳುತ್ತದೆ. ಸುಟ್ಟ ಚರ್ಮ ಬೊಬ್ಬೆಯೇಳುವಂತೆ ಗಂಟಲೂ ಊದುತ್ತದೆ, ಆದರೆ ತಕ್ಷಣವಲ್ಲ, ಕೆಲವು ತಾಸುಗಳಲ್ಲಿ. ಧ್ವನಿಪೆಟ್ಟಿಗೆಯ ದಾರಿ ಮೊದಲೇ ಕಿರಿದು, ಊತ ಅದನ್ನು ಮುಚ್ಚಿಬಿಡಬಲ್ಲದು. ಹೊಗೆಯೊಳಗಿನ ಅನಿಲಗಳು ಇನ್ನೂ ಕೆಳಗಿಳಿಯುತ್ತವೆ. ಪಿವಿಸಿ ಉರಿದಾಗ ಹೊಮ್ಮುವ ಆಮ್ಲದ ಅನಿಲ ಶ್ವಾಸನಾಳದ ಒಳಪದರವನ್ನೇ ಸುಡುತ್ತದೆ. ಆಕ್ಸಿಮೀಟರನ್ನೂ ನಂಬುವಂತಿಲ್ಲ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದು ಕೂರುತ್ತದೆ. ಎರಡರ ವ್ಯತ್ಯಾಸ ಆ ಪುಟ್ಟ ಯಂತ್ರಕ್ಕೆ ತಿಳಿಯುವುದಿಲ್ಲ.

ಮಾಸ್ಕ್ ಹಾಕಿ ಪೂರ್ಣ ಆಮ್ಲಜನಕ ಕೊಟ್ಟೆವು. ನಂತರ ಸತ್ತೆಪ್ಪನನ್ನು ಪಕ್ಕಕ್ಕೆ ಕರೆದೆ. ಗಂಟಲು ಮುಚ್ಚುವ ಮೊದಲು ಅದರೊಳಗೆ ನಳಿಕೆ ಇಳಿಸಬೇಕು, ಆಮೇಲೆ ಬೆಳಗಾವಿಗೆ ಸಾಗಿಸಬೇಕು, ದಿನಗಟ್ಟಲೆ ವೆಂಟಿಲೇಟರಿನಲ್ಲಿ ಇಡುವ ಘಟಕ ನಮ್ಮಲ್ಲಿಲ್ಲ ಎಂದು ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದೆ.

"ಮಾತಾಡಾಕತ್ತಾಳ, ಚಾ ಕೇಳಾಕತ್ತಾಳ. ಇಂಥಾಕಿಗೆ ಪೈಪ್ ಯಾಕ್ರಿ?" ಎಂದ.

"ಈಗ ಮಾತಾಡಾಕತ್ತಾರ. ಇನ್ನೊಂದ ತಾಸಿಗೆ ಉಸರಾಡಾಕೂ ಆಗಲಿಕ್ಕಿಲ್ಲ."

ಅವನ ಮುಖ ಬಿಗಿಯಿತು. "ಕೊರೋನಾದಾಗ ನಮ್ಮ ಅಣ್ಣಗೂ ಹಿಂಗ ಹೇಳಿದ್ರಿ. ಪೈಪ್ ಹಾಕೂಮುಂದ ಅಂವಾ ನನ್ನ ಕೂಡ ಮಾತಾಡಾಕತ್ತಿದ್ದ. ಆಮ್ಯಾಲ ಅವನ ಮಾರಿ ಸೈತ ತೋರಸಲಿಲ್ಲ. ನಾ ಸೈ ಮಾಡಂಗಿಲ್ಲರಿ."

ಅವನ ಅಣ್ಣನಿಗೆ ಚಿಕಿತ್ಸೆ ಕೊಟ್ಟಿದ್ದು ನಾನಲ್ಲ, ಬೇರೆ ಊರಿನಲ್ಲಿ. ಹಾಗೆಂದು ಹೇಳಲು ನಾಲಗೆ ಹೊರಳಲಿಲ್ಲ. ಆ ದಿನಗಳಲ್ಲಿ ನಾನು ನಳಿಕೆ ಹಾಕಿದವರಲ್ಲೂ ಎಷ್ಟೋ ಜನ ಮರಳಿ ಮಾತಾಡಿರಲಿಲ್ಲ. ಹೊಗೆಯ ಊತವೇ ಬೇರೆ, ಕೋವಿಡ್ಡೇ ಬೇರೆ ಎಂದು ಬಿಡಿಸಿ ಹೇಳಿದೆ. ಕಾಗದದ ಮೇಲೆ ಗಂಟಲಿನ ಚಿತ್ರ ಬರೆದೆ. ಅವನು ಚಿತ್ರದತ್ತ ನೋಡಲೇ ಇಲ್ಲ. ಕರೋಶಿಯ ಬೀಗರಿಗೆ ಫೋನ್ ಹಚ್ಚಿದ. ಅವರು, "ದುಡುಕಬ್ಯಾಡ, ನಾವ ಬರ್ತೇವಿ" ಎಂದರು. ಹೀಗೆ ಇಪ್ಪತ್ತು ನಿಮಿಷ ಕಳೆದುಹೋದವು.

ಅಷ್ಟರಲ್ಲಿ ಲಲಿತಾ ಕೂಗಿದಳು. ಓಡಿದೆ. ರುಕ್ಮವ್ವ ಎರಡೂ ಕೈ ಹಾಸಿಗೆಗೆ ಊರಿ ಮುಂದಕ್ಕೆ ಬಾಗಿ ಕೂತಿದ್ದರು. ಉಸಿರು ಎಳೆದಾಗಲೆಲ್ಲ ಸೀಟಿಯಂಥ ಸಣ್ಣ ಸದ್ದು. ದನಿ ಪಿಸುಮಾತಿಗೆ ಇಳಿದಿತ್ತು. ನಾನು ಮತ್ತೆ ಸತ್ತೆಪ್ಪನ ಕಡೆ ತಿರುಗುವಷ್ಟರಲ್ಲಿ ಅವರು ನನ್ನ ಏಪ್ರನ್ನಿನ ಚುಂಗು ಹಿಡಿದರು.

"ಹಾಕಿದ್ರ... ಬದಕ್ತೇನಿ?"

"ಖಾತ್ರಿ ಕೊಡಾಕ ಆಗಂಗಿಲ್ಲಕ್ಕಾ. ಹಾಕದಿದ್ರ ಗಂಟಲಾ ಮುಚ್ಚತೈತಿ. ಹಾಕಿದ್ರ ಬದಕೂ ದಾರಿ ಐತಿ."

ಅವರು ಗಂಡನನ್ನು ನೋಡಿದರು. "ಸೈ ನಾನ ಮಾಡ್ತೇನಿ. ತರ್ರಿ."

ಅವರೇ ಹೆಸರು ಬರೆದರು. ಸತ್ತೆಪ್ಪ ಗೋಡೆಗೆ ಹಣೆ ಹಚ್ಚಿ ನಿಂತ.

ನಮ್ಮ ಸರ್ಜನ್ ಪೆನ್ನಿನಿಂದ ರುಕ್ಮವ್ವನ ಕುತ್ತಿಗೆಯ ಮೇಲೊಂದು ಗುರುತು ಹಾಕಿ, ಬ್ಲೇಡ್ ಹಿಡಿದು ಪಕ್ಕದಲ್ಲಿ ನಿಂತರು. ನನ್ನ ಪ್ರಯತ್ನ ವಿಫಲವಾದರೆ ಅಲ್ಲಿ ಕೊಯ್ದು ಗಾಳಿಗೆ ದಾರಿ ಮಾಡಬೇಕಿತ್ತು. ಸ್ನಾಯುಗಳನ್ನು ಸಡಿಲಿಸಿ ಉಸಿರು ನಿಲ್ಲಿಸುವ ಔಷಧ ಕೊಡುವ ಧೈರ್ಯ ನನಗಾಗಲಿಲ್ಲ. ನಳಿಕೆ ಹೋಗದಿದ್ದರೆ ರುಕ್ಮವ್ವನ ಸ್ವಂತ ಉಸಿರೊಂದೇ ಗತಿ. ಕೆಟಮಿನ್ ಕೊಟ್ಟು ಮಂಪರು ತರಿಸಿ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಇಳಿಸಿದೆ. ಕಂಡಿದ್ದು ಮಸಿ, ನೊರೆ ಮತ್ತು ಊದಿದ ಗುಲಾಬಿ ಮಾಂಸ. ದಾರಿಯೇ ಕಾಣಲಿಲ್ಲ. ಮೊದಲ ನಳಿಕೆ ತಡೆದು ನಿಂತಿತು. ಈ ಬಾರಿ ಆಕ್ಸಿಮೀಟರಿನ ಅಂಕಿಯೇ ಜಾರತೊಡಗಿತು: 91, 86. ಸರ್ಜನ್ ಕೈ ಕುತ್ತಿಗೆಯ ಮೇಲೆ ಬಂತು. "ಒಂದೇ ಒಂದು ಸಲ" ಎಂದೆ. ರುಕ್ಮವ್ವ ಉಸಿರು ಬಿಟ್ಟಾಗ ನೊರೆಯ ನಡುವೆ ಒಂದು ಗುಳ್ಳೆ ಎದ್ದು ಒಡೆಯಿತು. ಗಾಳಿ ಬರುತ್ತಿದ್ದುದು ಅಲ್ಲಿಂದಲೇ. ಎಲ್ಲಕ್ಕಿಂತ ಸಣ್ಣ ನಳಿಕೆಯನ್ನು ಅದೇ ಜಾಗಕ್ಕೆ ಇಳಿಸಿದೆ. ಒಳಗೆ ಹೋಯಿತು.

ಆಂಬುಲೆನ್ಸಿನಲ್ಲಿ ನಾನೂ ಹತ್ತಿದೆ. ದಾರಿಯುದ್ದಕ್ಕೂ ಕೈಯಿಂದಲೇ ಬ್ಯಾಗ್ ಒತ್ತುತ್ತ ಉಸಿರು ಕೊಟ್ಟೆ. ಸಂಕೇಶ್ವರ ದಾಟಿದ ಮೇಲೆ ಬ್ಯಾಗ್ ಇದ್ದಕ್ಕಿದ್ದಂತೆ ಗಟ್ಟಿಯಾಯಿತು. ಗಾಡಿ ನಿಲ್ಲಿಸಿ, ನಳಿಕೆಯೊಳಗೆ ಸಣ್ಣ ಕೊಳವೆ ಬಿಟ್ಟು ಹೀರಿದೆವು. ಮಸಿ ಬೆರೆತ ಕಫದ ಗಟ್ಟಿ ತುಂಡೊಂದು ಹೊರಬಂತು. ಮುಂದಿನ ಸೀಟಿನಲ್ಲಿದ್ದ ಸತ್ತೆಪ್ಪ ಹಿಂತಿರುಗಿ ಅದನ್ನು ಕಂಡ. "ಇದೆಲ್ಲಾ ಆಕಿ ಎದಿಯಾಗಿತ್ತರಿ?" ಎಂದು ಕೇಳಿದ.

ಮೊದಲ ದಿನದ ಎಕ್ಸ್‌ರೇ ಶುಭ್ರವಾಗಿತ್ತಂತೆ. ಎರಡನೇ ದಿನ ಶ್ವಾಸಕೋಶಗಳಲ್ಲಿ ನೀರು ತುಂಬಿತು. ಹೊಗೆಯ ಪೆಟ್ಟು ಹೀಗೆಯೇ ತಡವಾಗಿ ಮೇಲೇಳುತ್ತದೆ. ಒಂಬತ್ತು ದಿನ ವೆಂಟಿಲೇಟರ್. ದಿನವೂ ಅಲ್ಲಿಯ ವೈದ್ಯರಿಗೆ ಫೋನ್ ಮಾಡುತ್ತಿದ್ದೆ. ಹತ್ತನೇ ದಿನ ನಳಿಕೆ ತೆಗೆದರು.

ಎರಡು ತಿಂಗಳ ನಂತರ ಗಂಡ ಹೆಂಡತಿ ಇಬ್ಬರೂ ನಮ್ಮ ಆಸ್ಪತ್ರೆಗೆ ಬಂದರು. ರುಕ್ಮವ್ವನ ದನಿ ಒಡೆದಿತ್ತು, ಅದು ಹಾಗೆಯೇ ಉಳಿಯುವ ಸಂಭವವಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಸತ್ತೆಪ್ಪ ಕೈಮುಗಿದು, "ನಂದ ತಪ್ಪಾತ್ರಿ ಬಾಯಾರ" ಎಂದ. ನಾನು ಸಮಾಧಾನ ಹೇಳುತ್ತಿರುವಾಗ ರುಕ್ಮವ್ವ ನಡುವೆ ಬಾಯಿ ಹಾಕಿದರು.

"ಒಂದ ಮಾತ ಕೇಳ್ಲ್ಯಾ? ನಾ ಅಲ್ಲೇ ಕುಂತಿದ್ದೆ, ಮಾತಾಡಾಕ ಬರತಿತ್ತು. ಅಷ್ಟೊತ್ತನಕಾ ಇವರನ್ನ ಕೇಳಿದ್ರಿ. ನನ್ನ ಯಾಕ ಕೇಳಲಿಲ್ಲರಿ?"

ಇಪ್ಪತ್ತು ನಿಮಿಷ ಪೋಲಾಗಿದ್ದು ಸತ್ತೆಪ್ಪನ ಭಯದಿಂದ ಎಂದು ಅಷ್ಟು ದಿನ ನಂಬಿದ್ದೆ. ಹೆಂಗಸಿನ ಕಾಗದಕ್ಕೆ ಗಂಡಸಿನ ಸಹಿ ಬೇಕೆಂಬ ರೂಢಿ ನನ್ನ ಕೈಗೂ ಅಂಟಿತ್ತು. ಹೊಗೆ ಕುಡಿದವರ ದನಿಗೆ ಹೆಚ್ಚು ಹೊತ್ತಿಲ್ಲವೆಂದು ಗೊತ್ತಿದ್ದವಳು ನಾನೇ. ಅದು ಇರುವಾಗ ಅವರನ್ನೇ ಕೇಳಬೇಕಿತ್ತು. ಈಗ ಕಿರಿಯ ವೈದ್ಯರಿಗೆ ನಳಿಕೆ ಹಾಕುವುದನ್ನು ಕಲಿಸುವಾಗ ಅದನ್ನೇ ಮೊದಲು ಹೇಳುತ್ತೇನೆ.